ಮೂರು ನುಣುಪು, ಒಂದು ಒರಟು

ಶುಕ್ರವಾರದ ತಾಲೀಮಿನಲ್ಲಿ ಗುರುಶಾಂತಮ್ಮನವರು ಹಾಡನ್ನು ನಡುವೆಯೇ ನಿಲ್ಲಿಸಿದರು. ಎಪ್ಪತ್ತೆರಡು ವರ್ಷದ ಆ ಗಾಯಕಿಗೆ ಒಂದು ಪದ್ಧತಿಯಿತ್ತು. ವಚನದ ಒಂದು ಸಾಲು ಮುಗಿದ ಮೇಲೆ, ಮುಂದಿನ ಸಾಲನ್ನು ಎತ್ತಿಕೊಳ್ಳುವ ಮುನ್ನ, ಮೂರು ಮಾತ್ರೆಯಷ್ಟು ಹೊತ್ತು ಸುಮ್ಮನಾಗುತ್ತಿದ್ದರು. ಆಗ ತಬಲಾ ನಿಲ್ಲಬೇಕು, ಕೀಬೋರ್ಡ್ ನಿಲ್ಲಬೇಕು, ಕೇಳುವವರ ಕೆಮ್ಮೂ ನಿಂತರೆ ಒಳಿತು.

“ನಾಗಭೂಷಣ, ನಾ ಸುಮ್ನಾದಾಗೆಲ್ಲ ನಿನ್ನ ತಂತಿ ಕಿರುಗುಡ್ತಾವಲ್ಲಪ್ಪ,” ಎಂದು ಬೇಸ್ ಗಿಟಾರಿನವನತ್ತ ತಿರುಗಿದರು. “ಎಣ್ಣೆ ಕಾಣದ ಬಾಗಿಲು ಇದ್ದಂಗೈತಿ.”

ಕೀಬೋರ್ಡಿನ ಮಹಾಂತೇಶ್ ನಕ್ಕ. “ಅಮ್ಮಾರೆ, ಬೇಕಾದ್ರೆ ಬೇಸ್‌ನೂ ನಾನೇ ಎಡಗೈಯಾಗ ಬಾರಿಸ್ತೀನ್ರಿ. ಈಗ ಎಲ್ಲಾ ಕಡೆ ಹಂಗೇ ನಡದೈತಿ.”

“ನಾಳೆ ಹರಿಹರದಾಗ ಮೊದಲನೇ ಹಾಡು ನೋಡೋಣು. ಕಿರುಗುಟ್ಟಿತೋ, ಎರಡನೇ ಹಾಡಿನಿಂದ ನೀ ಹಿಡ್ಕೊ ಮಹಾಂತೇಶ,” ಎಂದು ಗುರುಶಾಂತಮ್ಮ ಪುಸ್ತಕ ಮಡಚಿದರು.

ಮೂವತ್ತೈದು ವರ್ಷ ದಾವಣಗೆರೆಯ ಆರ್ಕೆಸ್ಟ್ರಾಗಳಲ್ಲಿ ಬೇಸ್ ಗಿಟಾರ್ ನುಡಿಸಿದ ನಾಗಭೂಷಣ್‌ಗೆ ಅಂದು ಎಸ್.ಎಸ್. ಬಡಾವಣೆಯ ತನ್ನ ಮನೆಯಲ್ಲಿ ಕುಳಿತಲ್ಲಿ ಕೂರಲಾಗಲಿಲ್ಲ. ಆರ್ಕೆಸ್ಟ್ರಾಗಳು ಒಂದೊಂದಾಗಿ ಕೀಬೋರ್ಡಿನ ಪಾಲಾದ ಮೇಲೆ ಅವನಿಗೆ ಉಳಿದಿದ್ದುದು ಈ ಒಂದೇ ತಂಡ. ತಂತಿಗೆ ಕೊಬ್ಬರಿ ಎಣ್ಣೆ ಸವರಿ ನೋಡಿದ; ಬೆರಳು ಜಾರಿತು, ಕಿರುಗುಟ್ಟುವುದು ನಿಲ್ಲಲಿಲ್ಲ. ಪೌಡರ್ ಹಚ್ಚಿದ, ಅಂಗಿಯೆಲ್ಲ ಬೆಳ್ಳಗಾಯಿತು. ಅವನ ಗಿಟಾರಿನ ತಂತಿಗಳಿಗೆ ಸುತ್ತಿದ್ದುದು ದುಂಡನೆಯ ಲೋಹದೆಳೆ. ಕೈ ಜರುಗಿದಾಗ ಬೆರಳು ಆ ಸುತ್ತುಗಳ ಏಣುಗಳ ಮೇಲೆ ಉಜ್ಜುವುದರಿಂದಲೇ ಆ ಸದ್ದು. ಚಪ್ಪಟೆ ಪಟ್ಟಿ ಸುತ್ತಿದ ಫ್ಲಾಟ್‌ವೌಂಡ್ ತಂತಿಗಳಾದರೆ ಬಳೆಯಷ್ಟು ನುಣುಪು. ಸ್ವರ ತುಸು ಮಂದ, ಆದರೆ ಬೆರಳು ಜಾರಿದ್ದು ಯಾರಿಗೂ ಕೇಳದು.

ಶನಿವಾರ ಮಂಡಿಪೇಟೆಯಲ್ಲಿ ಇಮ್ರಾನ್‌ನ ವಾದ್ಯದಂಗಡಿ ಹನ್ನೆರಡಕ್ಕೆ ಬಾಗಿಲು ತೆರೆಯುವ ಮೊದಲೇ ನಾಗಭೂಷಣ್ ಗಿಟಾರನ್ನು ಬೆನ್ನಿಗೇರಿಸಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದ.

“ಎರಡೇ ಸೆಟ್ ಅದಾವು ಅಣ್ಣಾರೆ,” ಎಂದು ಇಮ್ರಾನ್ ಗಾಜಿನ ಮೇಲೆ ಇಟ್ಟ. “ಇದು ದಪ್ಪ, ಇದು ತೆಳುವು. ದಪ್ಪದ್ದು ಗುಡುಗಿದಂಗೆ ನುಡೀತೈತಿ.”

ನಾಗಭೂಷಣ್ ಎರಡರ ಮೇಲೂ ಉಗುರು ಎಳೆದು ನೋಡಿದ. ಎರಡೂ ಮೂಕ. ದಪ್ಪದ್ದರ ಗಾಂಭೀರ್ಯ ಅವನನ್ನು ಸೆಳೆಯಿತು. ಆದರೆ ಅದರ ಬಿಗಿತಕ್ಕೆ ತನ್ನ ಹಳೆಯ ಗಿಟಾರಿನ ಕುತ್ತಿಗೆ ಸಂಜೆಯೊಳಗೆ ಬಾಗಿದರೆ? ತೆಳುವನ್ನು ಕೈಗೆತ್ತಿಕೊಂಡ, ಕೆಳಗಿಟ್ಟ. ದಪ್ಪದ್ದನ್ನು ಎತ್ತಿದ, ಅದನ್ನೂ ಇಟ್ಟ.

“ಅಣ್ಣಾರೆ, ಹೆಣ್ಣು ನೋಡಾಕ ಬಂದೀರೇನು? ಒಂದು ಹೇಳ್ರಿ,” ಎಂದ ಇಮ್ರಾನ್.

“ತೆಳುವು ಕೊಡು. ಬೇಗ, ಬಸ್ ಹೋಗ್ತೈತಿ.”

“ಒಂದ್ಮಾತು. ಇವನ್ನ ಹಾಕುವಾಗ ಮೊದ್ಲು...”

“ನೀ ತೊಟ್ಟಿಲಾಗ ಇದ್ದಾಗಿಂದ ತಂತಿ ಹಾಕ್ತಿದೀನಿ ಮಾರಾಯ. ನನಗ ಕಲಿಸ್ತೀಯಾ?” ಎಂದವನೇ ಪೊಟ್ಟಣ ಕಸಿದುಕೊಂಡು ಹೊರಟ.

ತಂತಿ ಬದಲಿಸುವುದನ್ನು ಮನೆಯಲ್ಲಿಯೇ ಕುಳಿತು ಮಾಡಬಹುದಿತ್ತು, ಕುಳಿತರೆ ತಾನೆ? ಹರಿಹರದಲ್ಲಿ ಅವನಿಗೆ ಬೇಸ್ ಕಲಿಸಿದ ಬುಡನ್ ಸಾಬರಿದ್ದರು. ಅವರ ಕಿವಿಗೆ ಒಮ್ಮೆ ಕೇಳಿಸಿದ ಹೊರತು ಜೀವಕ್ಕೆ ಸಮಾಧಾನವಿಲ್ಲ. ಬಸ್ಸಿನಲ್ಲಿಯೂ ಅವನ ಎಡಗೈ ತೊಡೆಯ ಮೇಲೆ ಮೇಲಕ್ಕೂ ಕೆಳಕ್ಕೂ ಓಡಾಡುತ್ತಲೇ ಇತ್ತು. ಪಕ್ಕದಲ್ಲಿದ್ದ ಮುದುಕಿ, “ತುರಿಕೆ ಏನಪ್ಪ? ಬೇವಿನೆಲೆ ಹಚ್ಚು,” ಎಂದಳು.

ಬುಡನ್ ಸಾಬರು ಆಗತಾನೆ ಊಟ ಮುಗಿಸಿ ಜಗಲಿಯಲ್ಲಿ ಕುಳಿತಿದ್ದರು. ನಾಗಭೂಷಣ್ ಅವರ ಪಕ್ಕದಲ್ಲಿಯೇ ಗಿಟಾರನ್ನು ಅಡ್ಡ ಮಲಗಿಸಿ, ಹಳೆಯ ತಂತಿಗಳನ್ನು ಬಿಚ್ಚಿ, ಸುರುಳಿ ಸುತ್ತಿ ಜೇಬಿಗಿಳಿಸಿದ. ಹಳೆಯ ತಂತಿಯನ್ನು ಎಸೆಯುವುದು ಆರ್ಕೆಸ್ಟ್ರಾದವರ ರೂಢಿಯಲ್ಲ. ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿದರೆ ಇನ್ನಾರು ತಿಂಗಳು ನುಡಿಯುತ್ತವೆ. ಬಳಿಕ ಹೊಸ ಸೆಟ್ಟಿನ ಅತಿ ದಪ್ಪದ ತಂತಿಯನ್ನು ಶ್ರುತಿ ಬಿಗಿಯುವ ಬಿರಡೆಯವರೆಗೆ ಎಳೆದು, ನಾಲ್ಕು ಬೆರಳಿನಷ್ಟು ಹೆಚ್ಚಿಗೆ ಬಿಟ್ಟು, ಎಂದಿನಂತೆ ಕಟಕ್ಕೆಂದು ಕತ್ತರಿಸಿದ.

“ಅರೇ ಭೂಷಣ!” ಎಂದು ಸಾಬರು ಕೈ ಚಾಚಿದರು. ಕೈ ತಲುಪುವ ಮೊದಲೇ ಕೆಲಸ ಮುಗಿದಿತ್ತು.

“ಏನಾತ್ರಿ ಸಾಬ್ರೆ?”

“ಬಾರಿಸಿ ನೋಡು.”

ನಾಗಭೂಷಣ್ ತಂತಿಯನ್ನು ಸುತ್ತಿ, ಬಿಗಿದು, ಮೀಟಿದ. ಹಾಸಿಗೆಯನ್ನು ಕೋಲಿನಿಂದ ಬಡಿದಂತೆ ದಬ್ ಎಂದಿತು. ಸ್ವರವೇ ಇಲ್ಲ.

“ಚಪ್ಪಟೆ ಪಟ್ಟಿ ಒಳಗಿನ ಎಳೆಗೆ ಅಂಟಿಕೊಂಡಿರಾಂಗಿಲ್ಲಪ್ಪ, ಬರೇ ಸುತ್ತಿರ್ತಾರ,” ಎಂದರು ಸಾಬರು. “ಮೊದ್ಲು ಮೊಣಕೈ ಮಡಚಿದಂಗ ಬಗ್ಗಿಸಬೇಕು, ಆ ಬಾಗಿನಾಚೆ ಕತ್ತರಿಸಬೇಕು. ನೆಟ್ಟಗಿದ್ದಾಗ ಕತ್ತರಿಸಿದ್ರ ಪಟ್ಟಿ ಸಡಿಲಾಗಿ ತಂತಿ ಸತ್ತು ಹೋಗ್ತೈತಿ. ಇಮ್ರಾನ್ ಹೇಳ್ಲಿಲ್ಲೇನು?”

ನಾಗಭೂಷಣ್ ಇಮ್ರಾನ್‌ಗೆ ಫೋನ್ ಮಾಡಿದ. ಆ ದಪ್ಪನೆಯ ಸೆಟ್ಟನ್ನಾದರೂ ಬಸ್ಸಿಗೆ ಹಾಕಿಸಿದರೆ?

“ಅಂಗಡಿ ಮುಚ್ಚೀನಿ ಅಣ್ಣಾರೆ. ಮಲೆಬೆನ್ನೂರಿಗೆ ಬಂದೀನಿ, ಸೌಂಡ್ ಸಿಸ್ಟಂ ಜೋಡಿಸಾಕ. ಯಾಕ, ಕತ್ತರಿಸಿಬಿಟ್ರೇನು?”

ಸಾಬರು ಒಳಗೆ ಹೋಗಿ ಗೋಡೆಗೆ ತೂಗುಹಾಕಿದ್ದ ತಮ್ಮ ಪುಟ್ಟ ಬೇಸನ್ನು ತಂದರು. ಅದರಲ್ಲಿ ಇಪ್ಪತ್ತು ವರ್ಷದ ಫ್ಲಾಟ್ ತಂತಿಗಳಿದ್ದವು. ದಪ್ಪನೆಯದನ್ನು ಬಿಚ್ಚಿ ಅವನ ಗಿಟಾರಿಗೆ ಹಿಡಿದು ನೋಡಿದರು. ಬಿರಡೆಗೆ ಎರಡಂಗುಲ ಸಾಲದು. ಆಗಲೇ ಮೂರೂವರೆಯಾಗಿತ್ತು, ಕಾರ್ಯಕ್ರಮ ಐದೂವರೆಗೆ.

ಉಳಿದ ಮೂರು ನುಣುಪು ತಂತಿಗಳನ್ನು ಬಗ್ಗಿಸಿ ಕತ್ತರಿಸಿ ಹಾಕಿದರು. ನಾಲ್ಕನೆಯ ಜಾಗಕ್ಕೆ ನಾಗಭೂಷಣ್‌ನ ಜೇಬಿನಿಂದ ಹಳೆಯ ಒರಟು ತಂತಿಯೇ ಹೊರಬರಬೇಕಾಯಿತು.

“ಮೊದಲನೇ ಹಾಡಿನಾಗ ಅಮ್ಮಾರು ಮೂರು ಮಾತ್ರೆ ಸುಮ್ಮನಾದ ಮ್ಯಾಲೆ ಬರೋ ಸ್ವರ ಇದ್ರಾಗೇ ಐತಿ ಸಾಬ್ರೆ. ಕೈ ಜರುಗಿಸಿದೆ ಅಂದ್ರ ಮುಗೀತು.”

“ಸ್ವರ ಬರಾಕ ಮೂರು ಮಾತ್ರೆ ಐತಲ್ಲ. ಮೊದಲನೇ ಮಾತ್ರೆಗೇ ಯಾಕ ಓಡ್ತೀಯ?” ಎಂದು ಸಾಬರು ತಮ್ಮ ತಂತಿಯನ್ನು ಮತ್ತೆ ಸುತ್ತತೊಡಗಿದರು. “ಇಪ್ಪತ್ತರ ವಯಸ್ಸಿನಾಗೂ ಓಡ್ತಿದ್ದಿ. ಜರುಗಿಸಬ್ಯಾಡ, ಎತ್ತು. ಎತ್ತಿ ಹಿಡಕಂಡು ನಿಲ್ಲು.”

ಕಲ್ಯಾಣಮಂಟಪದ ವೇದಿಕೆಯಲ್ಲಿ ಮಹಾಂತೇಶ್‌ನ ಎಡಗೈ ಕೀಬೋರ್ಡಿನ ಕೆಳಸ್ವರಗಳ ಮೇಲೆ ಆಗಲೇ ಹೊಂಚು ಹಾಕಿತ್ತು. ಗುರುಶಾಂತಮ್ಮ ಮೊದಲ ಸಾಲನ್ನು ಹಾಡಿದರು, ಮುಗಿಸಿದರು, ಕಣ್ಣು ಮುಚ್ಚಿದರು. ತಬಲಾ ನಿಂತಿತು.

ನಾಗಭೂಷಣ್ ಎಡಗೈಯನ್ನು ತಂತಿಯಿಂದ ಮೇಲೆತ್ತಿದ. ಒಂದು. ಬೆರಳುಗಳು ಮುಂದಿನ ಸ್ವರದ ಮನೆಗೆ ಹಾರಲು ಹವಣಿಸಿದವು. ಜಾತ್ರೆಯಲ್ಲಿ ಹಗ್ಗ ಜಗ್ಗುವ ಹೋರಿಯನ್ನು ಹಿಡಿದಂತೆ ಅವುಗಳನ್ನು ಅಲ್ಲಿಯೇ ತಡೆದ. ಎರಡು. ಹಣೆಯ ಬೆವರು ಹುಬ್ಬಿಗಿಳಿಯಿತು. ಮಂಟಪದಲ್ಲಿ ಫ್ಯಾನಿನ ಸದ್ದೊಂದೇ. ಇಷ್ಟು ವರ್ಷ ನುಡಿಸಿದರೂ ಈ ಮೂರು ಮಾತ್ರೆ ಇಷ್ಟು ಉದ್ದವೆಂದು ಅವನಿಗೆ ತಿಳಿದಿರಲಿಲ್ಲ. ಮೂರು. ಬೆರಳನ್ನು ನೇರವಾಗಿ ಸ್ವರದ ಮೇಲೆಯೇ ಇಳಿಸಿದ. ಒರಟು ತಂತಿ ತುಂಬುದನಿಯಲ್ಲಿ ನುಡಿಯಿತು. ಗುರುಶಾಂತಮ್ಮನವರ ಕಂಠ ಅದರ ಮೇಲೆ ಬಂದು ಕುಳಿತಿತು.

ಮಹಾಂತೇಶ್‌ನ ಎಡಗೈ ಕೀಬೋರ್ಡಿನಿಂದ ಮೆಲ್ಲನೆ ಹಿಂದೆ ಸರಿದು ಅವನ ಕನ್ನಡಕವನ್ನು ಸರಿಮಾಡಿತು. ಎರಡನೆಯ ಹಾಡಿಗೂ ಅದು ಕೆಳಸ್ವರಗಳಿಗೆ ಇಳಿಯಲಿಲ್ಲ, ಕೊನೆಯದಕ್ಕೂ ಇಳಿಯಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಅವನೇ ಬಂದ. “ಅಣ್ಣಾರೆ, ಕೈ ಎತ್ತಿ ಎತ್ತಿ ಹಿಡೀತಿದ್ರಲ್ಲ, ಜನಕ್ಕೆ ಆಶೀರ್ವಾದ ಮಾಡ್ತಿದ್ರೇನು?”

ಗುರುಶಾಂತಮ್ಮ ನಗಲಿಲ್ಲ. “ತಂತಿ ಬದಲಿಸಿದ್ಯೇನಪ್ಪ?”

“ಮೂರು ಬದಲಿಸೀನ್ರಿ ಅಮ್ಮಾರೆ. ದಪ್ಪದ್ದು ಒಂದು ಹಳೇದೇ ಉಳೀತು, ನನ್ನ ತಪ್ಪಿಂದ.”

ಅವರು ಗಿಟಾರಿನತ್ತ ಬಗ್ಗಿ, ಆ ನಾಲ್ಕನೆಯ ತಂತಿಯನ್ನು ಬೆರಳ ತುದಿಯಿಂದ ಸವರಿದರು. ಅದು ಕಿರ್ರೆಂದಿತು.

“ಮುಂದಿನ ತಿಂಗಳು ಮಾಯಕೊಂಡದಾಗ ಐತಿ. ನೀನೇ ಬಾ,” ಎಂದರು. “ಇದೊಂದು ಹಿಂಗೇ ಇರ್ಲಿ, ನಿನ್ನ ಕೈಗೆ ನಿಲ್ಲೋದು ಕಲಿಸೈತಿ.”

ನಾಳೆಯೇ ಹೊಸದು ಹಾಕಿಸುತ್ತೇನೆಂಬ ಮಾತು ನಾಗಭೂಷಣ್‌ನ ನಾಲಗೆಯ ತುದಿಗೆ ಓಡಿಬಂದಿತ್ತು. ಅದನ್ನು ಮೂರು ಮಾತ್ರೆ ಹೊತ್ತು ಅಲ್ಲಿಯೇ ತಡೆದು ನಿಲ್ಲಿಸಿದ. ಆಮೇಲೆ, “ಆಗ್ಲಿ ಅಮ್ಮಾರೆ,” ಎಂದ.