ಮೇಲಿನಕ್ಕನ ಹೊಟ್ಟೆ

ಕಟ್ಟಡದ ಕೆಲಸದವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಮೇಲಿನಕ್ಕ ಎಂದೇ. ಟವರ್ ಕ್ರೇನಿನ ತುದಿಯ ಗಾಜಿನ ಕ್ಯಾಬಿನ್ನಿನಲ್ಲಿ ಕೂತು, ಕಬ್ಬಿಣದ ಕಂಬಿಯ ಕಟ್ಟನ್ನು ಹಸುಗೂಸು ಮಲಗಿಸಿದಷ್ಟು ಮೆತ್ತಗೆ ಇಳಿಸುವವಳು ಆ ಸೈಟಿನಲ್ಲಿ ಅವಳೊಬ್ಬಳೇ. ಮೇಲಿನವನು ಕೈಬಿಟ್ಟರೂ ಮೇಲಿನಕ್ಕ ಕೈಬಿಡಲ್ಲ ಎಂದು ಕೆಳಗಿನವರು ಹೇಳಿಕೊಂಡು ಓಡಾಡುತ್ತಿದ್ದರು. ಅಂಥವಳ ಹೊಟ್ಟೆಪಾಡಿಗೆ ಈಗ ಅವಳ ಹೊಟ್ಟೆಯೇ ಕಲ್ಲು ಹಾಕಲು ಹೊರಟಿತ್ತು.

ವರ್ಷವಾಗುತ್ತಾ ಬಂದಿತ್ತು. ಏಣಿ ಹತ್ತಿ ಕ್ಯಾಬಿನ್ನಿನ ಬಾಗಿಲು ಹಾಕಿಕೊಳ್ಳುವುದೇ ತಡ, ಒಳಗೆ ಗುಡುಗುಡು ಶುರು. ಆಮೇಲೆ ಹಿಂಡುವ ನೋವು, ಅದರ ಹಿಂದೆಯೇ ಇನ್ನು ತಡೆಯಲಾರೆ ಎನ್ನುವ ಅವಸರ. ಇಳಿಯೋಣವೆಂದರೆ ಏಣಿಯ ಕೆಳಗೆ ಏಣಿ, ಅದರ ಕೆಳಗೆ ಇನ್ನೊಂದು ಏಣಿ. ಕ್ರೇನು ನಿಂತರೆ ಇಡೀ ಸೈಟು ಕೈಕಟ್ಟಿಕೊಂಡು ಆಕಾಶ ನೋಡುತ್ತದೆ. ಯಾಕೆ ಇಳಿದೆ ಎಂದು ಕೇಳಿದರೆ ಅಷ್ಟು ಗಂಡಸರ ಮುಂದೆ ಏನೆಂದು ಹೇಳುವುದು? ಬಾಯಿ ಬಿಟ್ಟರೆ ಬಣ್ಣಗೇಡು. ಹಾಗಾಗಿ ಇಳಿದಾಗಲೆಲ್ಲ "ತಲೆಸುತ್ತು" ಎಂದುಬಿಟ್ಟಿದ್ದಳು.

ಮಹಾರಾಯ್ತಿ ಸುಳ್ಳು ಹೇಳುವುದಾದರೆ ಬೇರೆ ಯಾವುದಾದರೂ ಹೇಳಬಾರದಿತ್ತೇ? ತಲೆ ಸುತ್ತುವವರನ್ನು ಅಷ್ಟೆತ್ತರದಲ್ಲಿ ಕೂರಿಸಲು ಯಾವ ಎಂಜಿನಿಯರಿಗೆ ಧೈರ್ಯವಿರುತ್ತದೆ? "ಇನ್ನೊಂದ್ಸಲ ಹೀಗಾದ್ರೆ ಕ್ರೇನ್ ಬೇಡಮ್ಮ, ಸ್ಟೋರಲ್ಲಿ ಕೂತ್ಕೊಂಡು ನಟ್ಟು ಬೋಲ್ಟು ನೋಡ್ಕೊಳ್ಳಿ" ಎಂದು ಅವರು ಖಡಾಖಂಡಿತವಾಗಿ ಹೇಳಿದ್ದರು. ಸ್ಟೋರಿಗೆ ಕಿಟಕಿಯೂ ಇರಲಿಲ್ಲ. ನೆನೆದಾಗಲೆಲ್ಲ ಅವಳಿಗೆ ಅಳು ಬರುತ್ತಿತ್ತು.

ಅಂದಿನಿಂದ ಅವಳು ಕೆಲಸ ಮುಗಿಯುವ ತನಕ ಊಟ ಬಿಟ್ಟಳು, ನೀರು ಬಿಟ್ಟಳು. ಸಂಜೆ ಮನೆಗೆ ಬಂದವಳೇ ಬೆಳಗಿನದು ಮಧ್ಯಾಹ್ನದ್ದು ಎಲ್ಲ ಸೇರಿಸಿ ಒಂದೇ ಸಲ ಬಾರಿಸುತ್ತಿದ್ದಳು. ಬಾಯಾರಿಕೆಗೆ ಅತ್ತೆಯ ಉಪಾಯವಿತ್ತು: ಸಕ್ಕರೆ ಕಾಯಿಲೆಯ ಅತ್ತೆ ತಾನು ತಿನ್ನುವ ಸಕ್ಕರೆಯಿಲ್ಲದ ಪೆಪ್ಪರಮಿಂಟನ್ನು ದಿನವೂ ಸೊಸೆಯ ಜೇಬಿಗೆ ತುಂಬಿ ಕಳಿಸುತ್ತಿದ್ದರು. ಹೊಟ್ಟೆ ಮಾತ್ರ ದಿನೇದಿನೇ ಇನ್ನಷ್ಟು ಹಟ ಹಿಡಿಯಿತು. ಕೊನೆಗೆ ಅತ್ತೆಯೇ ಅವಳನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದರು.

ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು. ತೂಕ ಇಳಿದಿದೆಯಾ, ರಕ್ತ ಹೋಗುತ್ತಾ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತಾ ಎಂದು ಕೇಳಿದರು, ಯಾವುದೂ ಇರಲಿಲ್ಲ. ಟಾಯ್ಲೆಟ್ಟಿಗೆ ಹೋಗಿಬಂದ ಮೇಲೆ ನೋವು ಇಳಿಯುತ್ತಾ? ಇಳಿಯುತ್ತಿತ್ತು. ರಜದ ದಿನ? ರಜದ ದಿನ ಹೊಟ್ಟೆ ಹಸುವಿನಂತೆ ಸುಮ್ಮನಿರುತ್ತಿತ್ತು. ರಕ್ತ, ಮಲ ಎರಡರ ಪರೀಕ್ಷೆಯೂ ಸರಿಯಾಗಿಯೇ ಬಂತು. ಅದನ್ನು ಕೇಳಿ ಮೇಲಿನಕ್ಕನ ಮುಖ ಬಾಡಿತು.

"ಹಾಗಾದ್ರೆ ನಂದೆಲ್ಲ ಭ್ರಮೆನಾ ಡಾಕ್ಟ್ರೇ?"

"ಭ್ರಮೆ ಅಲ್ಲಮ್ಮ. ನೋವು ನಿಜವೇ. ಕರುಳಲ್ಲಿ ಹುಣ್ಣಿಲ್ಲ, ಗಡ್ಡೆ ಇಲ್ಲ. ಆದ್ರೆ ಕರುಳಿಗೂ ಮಿದುಳಿಗೂ ಹೊಂದಾಣಿಕೆ ತಪ್ಪಿದೆ. ಸಣ್ಣದಕ್ಕೂ ಕರುಳು ಸಿಡಿಮಿಡಿ ಅನ್ನತ್ತೆ. ಐಬಿಎಸ್ ಅಂತೀವಿ."

"ಅಂದ್ರೆ ನಮ್ಮ ಯಜಮಾನ್ರ ಥರ ಅನ್ನಿ" ಎಂದರು ಅತ್ತೆ.

ನಗು ಮುಗಿದ ಮೇಲೆ ಡಾಕ್ಟರಮ್ಮ, "ಕೆಲಸದ ಹೊತ್ತಲ್ಲಿ ಬಾಯಿಗೆ ಏನೂ ಹಾಕ್ಕೊಳಲ್ವಾ?" ಎಂದು ಕೇಳಿದರು.

"ಏನೂ ಇಲ್ಲ. ಅತ್ತೆ ಕೊಡೋ ಪೆಪ್ಪರಮಿಂಟು ಬಿಟ್ರೆ."

ಡಾಕ್ಟರಮ್ಮ ಅವಳ ಜೇಬಿನಲ್ಲಿದ್ದ ಪೊಟ್ಟಣ ಈಸಿಕೊಂಡು ತಿರುಗಿಸಿ ಓದಿದರು. "ಸಕ್ಕರೆ ಬದಲು ಇದಕ್ಕೆ ಹಾಕೋ ಸಿಹಿ ಇದ್ಯಲ್ಲ, ಇಂಥ ಹೊಟ್ಟೆಗೆ ಅದು ಆಗಿಬರಲ್ಲ. ಜಾಸ್ತಿ ತಿಂದ್ರೆ ಭೇದಿನೂ ಆಗತ್ತೆ."

"ಅಯ್ಯೋ, ನನ್ನ ಕೈಯಾರೆ ನಾನೇ ಮಾಡಿದ್ನಲ್ಲೇ!" ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸೊಸೆ ಅವರ ಕೈ ಹಿಡಿದುಕೊಂಡಳು. ಸಿಟ್ಟು ಬರಲಿಲ್ಲ, ಬಂದದ್ದು ಪ್ರೀತಿಯೇ.

ಪೆಪ್ಪರಮಿಂಟು ಬಂದ್, ಹೊತ್ತುಹೊತ್ತಿಗೆ ಸ್ವಲ್ಪಸ್ವಲ್ಪ ಊಟ, ಧಾರಾಳವಾಗಿ ನೀರು, ಹಿಂಡುವ ನೋವಿಗೊಂದು ಮಾತ್ರೆ. "ಇನ್ನು, ಇಳಿಯೋಕಾಗಲ್ಲ ಅಂತ ಹೆದರ್ತೀರಲ್ಲ, ಆ ಹೆದರಿಕೆನೇ ಅರ್ಧ ಕಾಯಿಲೆ ತರ್ತಿದೆ. ಅದಕ್ಕೆ ನನ್ನ ಹತ್ರ ಮಾತ್ರೆ ಇಲ್ಲ. ಕೆಳಗಿರೋರಿಗೆ ಹೇಳಿಬಿಡಿ" ಎಂದರು ಡಾಕ್ಟರಮ್ಮ.

ಹೇಳಿಬಿಡಿ ಎನ್ನುವುದು ಸುಲಭ. ಕೆಲವು ವಾರಗಳಲ್ಲಿ ಹೊಟ್ಟೆ ಎಷ್ಟೋ ಹಗುರವಾಯಿತು, ಆದರೆ ಕ್ಯಾಬಿನ್ನಿನ ಬಾಗಿಲು ಹಾಕಿದೊಡನೆ ಆ ಹಳೇ ದಿಗಿಲು ಹಾಗೇ ಬಂದು ಕೂರುತ್ತಿತ್ತು. ಒಂದು ಬೆಳಗ್ಗೆ ಅವಳು ಏಣಿಯ ಬುಡದಲ್ಲೇ ನಿಂತುಬಿಟ್ಟಳು. ಕೆಳಗೆ ನಿಂತು ವಾಕಿಟಾಕಿಯಲ್ಲಿ ಅವಳಿಗೆ ದಾರಿ ತೋರಿಸುವ ಸಿಗ್ನಲಣ್ಣ ಹತ್ತಿರ ಬಂದ. ಮೀಸೆ ನರೆತಿದ್ದರೂ ಅವನಿಗೂ ಅವಳು ಅಕ್ಕನೇ.

"ಅಣ್ಣಾ, ನಂಗೆ ತಲೆಸುತ್ತು ಇಲ್ಲ. ಯಾವತ್ತೂ ಇರ್ಲಿಲ್ಲ" ಎಂದು ನೆಲ ನೋಡುತ್ತಾ ಎಲ್ಲ ಹೇಳಿದಳು.

ಸಿಗ್ನಲಣ್ಣ ಹೆಲ್ಮೆಟ್ ತೆಗೆದು ತಲೆ ಕೆರೆದುಕೊಂಡ. "ಅಕ್ಕಾ, ಕೊಕ್ಕೆ ಕೆಳಗೆ ನಿಂತಾಗೆಲ್ಲ ನಾನು ಜೀವ ಕೈಲಿ ಹಿಡ್ಕೊಂಡಿದ್ದೆ. ಮೇಲೆ ನೀನು ಎಲ್ಲಿ ಎಚ್ಚರ ತಪ್ತೀಯೋ ಅಂತ. ಬರೀ ಹೊಟ್ಟೆ ಅಂತ ಒಂದು ಮಾತು ಹೇಳಬಾರ್ದಿತ್ತಾ?"

ಆ ಮಾತು ಅವಳಿಗೆ ಚುರ್ ಎಂದಿತು. ತನ್ನ ನಾಚಿಕೆಯಿಂದಾಗಿ ಅವನು ದಿನವೂ ಹೆದರಿದ್ದನಲ್ಲ ಎಂದು ನಿಜಕ್ಕೂ ನಾಚಿಕೆಯಾಯಿತು. ಅವನು ಆಗಲೇ ಎಂಜಿನಿಯರ ಕೋಣೆಯತ್ತ ಹೊರಟಿದ್ದ.

ಅವಳು ಮೇಲೆ ಹೋಗಿ ಕೂತು ಎಷ್ಟೋ ಹೊತ್ತಿನ ಮೇಲೆ ವಾಕಿಟಾಕಿ ಗೊರಗುಟ್ಟಿತು. "ಅಕ್ಕಾ, ಗೇಟಿನ ಮೂಲೇಲಿರೋ ಟಾಯ್ಲೆಟ್ ಡಬ್ಬಿ ಕಾಣ್ತಿದ್ಯಾ? ಖಾಲಿ ಮಾಡ್ಸಿ, ತೊಳೆಸಿ, ಬೆಲ್ಟ್ ಹಾಕಿದೀನಿ. ಎತ್ತು."

"ಎಲ್ಲಿಗಣ್ಣಾ?"

"ನಿನ್ನ ಏಣಿ ಬುಡಕ್ಕೆ. ಸಾಹೇಬ್ರು ಹೂಂ ಅಂದ್ರು. ತಲೆ ಸುತ್ತಲ್ಲ ಅಂದ್ಮೇಲೆ ಸ್ಟೋರಿಗೆ ಬೇರೆಯವ್ರನ್ನ ನೋಡ್ತಾರಂತೆ."

ಮಾತು ಸೈಟಿನ ಎಲ್ಲ ವಾಕಿಟಾಕಿಗಳಲ್ಲೂ ಕೇಳಿಸಿತ್ತು. ಕೆಲಸ ಮಾಡುತ್ತಿದ್ದವರೆಲ್ಲ ಕತ್ತೆತ್ತಿದರು. ಅವಳ ಕಿವಿ ಬಿಸಿಯಾಯಿತು. ಆದರೂ ಲಿವರ್ ಹಿಂದಕ್ಕೆಳೆದಳು. ನೀಲಿ ಡಬ್ಬಿ ನೆಲ ಬಿಟ್ಟೆದ್ದು, ಎಲ್ಲರ ಗುಟ್ಟಿನ ಕೋಣೆ ಎಲ್ಲರೂ ನೋಡುತ್ತಿದ್ದಂತೆ, ಮರಳಿನ ರಾಶಿ ದಾಟಿ, ಸಿಮೆಂಟಿನ ಲಾರಿ ದಾಟಿ ಗಂಭೀರವಾಗಿ ತೇಲಿ ಬಂತು. ಯಾರೋ ಸಿಳ್ಳೆ ಹೊಡೆದರು. "ಅಕ್ಕಾ, ನಾವೂ ಹೋಗಬೋದಾ?" ಎಂದು ಇನ್ಯಾರೋ ಕೇಳಿದರು.

"ಹೋಗಿ. ಆದ್ರೆ ನಾನು ಇಳೀತೀನಿ ಅಂದ್ರೆ ದಾರಿ ಬಿಡಿ!" ಎಂದಳು. ವಾಕಿಟಾಕಿ ತುಂಬ ನಗು, ಅದರಲ್ಲಿ ಅವಳದೂ ಇತ್ತು.

ಮಧ್ಯಾಹ್ನದ ಮೇಲೆ ಹೊಟ್ಟೆ ಒಮ್ಮೆ ಗುಡುಗಿತು. ಹೊರೆ ಕೆಳಗಿಳಿಸಿ, ವಾಕಿಟಾಕಿಯ ಬಟನ್ ಒತ್ತಿ, "ಇಳೀತಿದೀನಿ" ಎಂದಳು. ಅರ್ಧ ಏಣಿ ಇಳಿಯುವಷ್ಟರಲ್ಲಿ ನೋವು ತಾನಾಗಿಯೇ ಸಡಿಲವಾಯಿತು. ತಿರುಗಿ ಮೇಲೆ ಹೋಗಬಹುದಿತ್ತು. ಆದರೆ ಕೆಳಗೆ ನೋಡಿದರೆ ಸಿಗ್ನಲಣ್ಣ ಎಲ್ಲರನ್ನೂ ಆಚೆ ಸರಿಸಿ, ಡಬ್ಬಿಯ ಬಾಗಿಲು ತೆರೆದು ಹಿಡಿದು ನಿಂತಿದ್ದ. ಪಾಪ, ಅವನಿಗೆ ಬೇಜಾರಾಗಬಾರದೆಂದು ಅವಳು ನಿಧಾನವಾಗಿ ಪೂರ್ತಿ ಇಳಿದಳು.