ಭಾನುವಾರದ ಸೈಕಲ್ಲು

ಅವಳು ದಾರವನ್ನು ಹಲ್ಲಿನಿಂದ ಕಡಿದು, ಗಂಡನ ಅಂಗಿಯ ಗುಂಡಿಯನ್ನು ಒಮ್ಮೆ ಎಳೆದು ನೋಡಿದಳು. ಗಟ್ಟಿಯಾಗಿತ್ತು. ನಡುಮನೆಯಲ್ಲಿ ಮಲಗಿಸಿದ್ದ ಅವನ ಎದೆಯ ಮೇಲೆ ಬಾಗಿಯೇ ಹೊಲಿದಿದ್ದಳು. ಸೂಜಿ ಎಲ್ಲಿ ಚುಚ್ಚೀತೋ ಎಂದು ಬಟ್ಟೆಯ ಅಡಿಗೆ ಬೆರಳಿಟ್ಟುಕೊಂಡು. ಚುಚ್ಚಿದರೂ ಇನ್ನು ಅವನಿಗೆ ನೋಯುವುದಿಲ್ಲ ಎಂಬುದು ಕೆಲಸ ಮುಗಿದ ಮೇಲೆ ಹೊಳೆಯಿತು.

ಅಂಗಡಿಗಳ ತಕ್ಕಡಿ ರಿಪೇರಿ ಮಾಡುತ್ತಿದ್ದವನು. ನಿನ್ನೆ ಮಧ್ಯಾಹ್ನ ಊಟ ಮಾಡಿ ಕುರ್ಚಿಗೆ ಒರಗಿದವನು ಏಳಲಿಲ್ಲ. ಒಳಕೋಣೆಯಲ್ಲಿ ಹೊಲಿಗೆ ಮಷಿನ್ನು ತುಳಿಯುತ್ತಿದ್ದ ಅವಳಿಗೆ ಸಂಜೆಯವರೆಗೂ ಅದು ಗೊತ್ತಾಗಲಿಲ್ಲ. ಅವನು ಸುಮ್ಮನಿರುವುದು ಹೊಸದೇನಾಗಿರಲಿಲ್ಲ.

“ಅತ್ತಿಗೆ, ಯಾರೋ ಬಂದಿದಾರೆ,” ಎಂದ ಮೈದುನ. “ಅಣ್ಣನ ಜೊತೆ ಸೈಕಲ್ ಹೊಡೀತಿದ್ದೋರಂತೆ.”

ಬಾಗಿಲಲ್ಲಿ ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಇಬ್ಬರು ನಿಂತಿದ್ದರು. ಒಬ್ಬಳು ಆಸ್ಪತ್ರೆಯ ನರ್ಸು, ಇನ್ನೊಬ್ಬ ಮುಖ್ಯರಸ್ತೆಯ ಕ್ಷೌರದಂಗಡಿಯವನು. ನರ್ಸು ಹತ್ತಿರ ಬಂದು ಮೆಲ್ಲಗೆ ಕೇಳಿದಳು, “ನೀವು ಅವರ ಅಕ್ಕನವರಾ?”

“ಹೆಂಡ್ತಿ.”

ನರ್ಸಿನ ಮುಖ ಬಿಳಿಚಿಕೊಂಡಿತು. “ಅಂದ್ರೆ... ಎರಡನೇ...?”

“ಒಬ್ಬಳೇ. ಮೂವತ್ತು ವರ್ಷದಿಂದ ಒಬ್ಬಳೇ.”

ಕ್ಷೌರದವನ ಕಣ್ಣು ಅವಳ ಪಾದದ ಕಡೆ ಹೋಗಿ ಬಂತು. ಪಾದಗಳು ಮುಂದಕ್ಕೇ ಇದ್ದವು. ನರ್ಸು ಸಮಾಧಾನ ಹೇಳುವವಳಂತೆ ಅವಳ ಕೈ ಹಿಡಿದಳು. ಆದರೆ ಬೆರಳು ನಾಡಿಯ ಮೇಲೆ ಕೂತಿತ್ತು.

*

ಎರಡು ವರ್ಷದ ಹಿಂದೆ ಅವನು ಆ ಸೈಕಲ್ಲು ತಂದ. ಅಂಗಡಿಯಲ್ಲೇ ಅತಿ ಅಗ್ಗದ್ದು. ಗೇರಿಲ್ಲ, ಕ್ಯಾರಿಯರಿಲ್ಲ, ಸೀಟು ಕಲ್ಲಿನಂಥದ್ದು. ಮದುವೆಯಾದ ಹೊಸತರಲ್ಲಿ ಓಡಿಸಿದ್ದನ್ನು ಬಿಟ್ಟರೆ ಅವನು ಮತ್ತೆ ಸೈಕಲ್ಲು ಮುಟ್ಟಿರಲಿಲ್ಲ. ಓಣಿಯಲ್ಲಿ ಎರಡು ಸಲ ಬಿದ್ದು, ಮಂಡಿ ತರಚಿಕೊಂಡು, ಸೂಜಿಯ ಕಣ್ಣಿಗೆ ದಾರ ಪೋಣಿಸುತ್ತಿದ್ದ ಅವಳ ಮುಂದೆ ನಿಂತ.

“ನಿಂಗೂ ಒಂದು ತರ್ಲಾ? ಭಾನುವಾರ ಬೆಳಿಗ್ಗೆ ಇಬ್ಬರೂ ಹೋಗ್ಬಹುದು.”

“ಅರವತ್ತಾಗೋಕ್ ಮುಂಚೇನೇ ಅರಳುಮರಳಾ ನಿಮಗೆ? ಹೋಗಿ, ತಲೆ ಮೇಲೆ ಕೆಲಸ ಇದೆ.”

ಅವನು ನಕ್ಕ. ಆಮೇಲೆ ಪ್ರತಿ ಭಾನುವಾರ ಒಬ್ಬನೇ ಹೋದ. ಎಲ್ಲಿಗೆ ಎಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ.

*

ನರ್ಸನ್ನು ಅವಳು ಒಳಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು.

“ನಾನು ಸತ್ತಿದೀನಿ ಅಂದಿದ್ರಾ ಅವರು?”

“ಮೊದಲ ದಿನ ನಾನೇ ಕೇಳ್ದೆ, ಮನೆಯವರು ಬರಲ್ವಾ ಅಂತ. ‘ಇಲ್ಲ’ ಅಂದ್ರು. ನಾವು ಹೋಗ್ಬಿಟ್ಟಿದಾರೆ ಅಂತ ತಿಳ್ಕೊಂಡ್ವಿ. ಅವರು ತಿದ್ದಲಿಲ್ಲ, ಅಮ್ಮಾ. ಆಮೇಲೆ ಆಮೇಲೆ ತಾವೇ ಹೇಳೋಕೆ ಶುರು ಮಾಡಿದ್ರು.”

“ಏನಂತ?”

“ನಿಮ್ಮನ್ನ ಮುಂದಿನ ಕಂಬಿ ಮೇಲೆ ಕೂರಿಸ್ಕೊಂಡು ಹೋಗ್ತಿದ್ರಂತೆ. ಒಂದಿನ ನಿಮ್ಮ ಬಟ್ಟೆ ಚೈನಿಗೆ ಸಿಕ್ಕಿ ಅರ್ಧ ಹರಿದೋಯ್ತಂತೆ. ನೀವು ರಸ್ತೆ ಮಧ್ಯ ಕೂತು, ಲಾರಿಯೋನು ಹಾರನ್ ಹೊಡೆದ್ರೂ ಏಳದೆ, ನಕ್ಕಿದ್ದೇ ನಕ್ಕಿದ್ದಂತೆ.”

ಅವಳು ಮಷಿನ್ನಿನ ಚಕ್ರ ಹಿಡಿದುಕೊಂಡಳು. ಹಸಿರು ಬಟ್ಟೆ. ಗ್ರೀಸಿನ ಕಲೆ. ಆ ಹುಡುಗಿಯ ಹೊಟ್ಟೆ ಹುಣ್ಣಾಗುವ ನಗು ಬೇರೆ ಯಾರದೋ ಮನೆಯಿಂದ ಬಂದಂತೆ ಕೇಳಿತು.

“ಹೇಗೆ ಸತ್ತೆ ನಾನು?”

ನರ್ಸು ಹೆಲ್ಮೆಟ್ಟಿನ ಪಟ್ಟಿ ಬಿಗಿಯತೊಡಗಿದಳು.

“ಹೇಳು ತಾಯಿ. ಸತ್ತವಳಿಗೆ ಅಷ್ಟೂ ಗೊತ್ತಿರಬಾರದಾ?”

“ಕಾಯಿಲೆ ಏನೂ ಇರಲಿಲ್ಲ ಅಂತಿದ್ರು. ಮೊದಲು ನಗೋದು ನಿಂತೋಯ್ತಂತೆ. ಆಮೇಲೆ ಮಾತು. ಯಾವತ್ತು ಹೋದಳು ಅಂತ ಪಕ್ಕದಲ್ಲೇ ಇದ್ದ ತನಗೂ ತಿಳೀಲಿಲ್ಲ ಅಂತ... ಅದನ್ನ ಹೇಳುವಾಗೆಲ್ಲ ಅಳೋರು, ಅಮ್ಮಾ.”

ಹೊರಗಿನಿಂದ ಮೈದುನ ಕೂಗಿದ, “ಅತ್ತಿಗೆ, ಹೊತ್ತಾಯ್ತು.”

*

ಗುಂಡಿಗೆ ಇಳಿಸಿ ಮಣ್ಣು ಹಾಕುವಾಗ ಎಲ್ಲರೂ ಅವಳು ಅಳುವುದನ್ನೇ ಕಾದರು. “ಕಲ್ಲಾಗ್ಬಿಟ್ಟಿದಾಳೆ, ಪಾಪ,” ಎಂದಳು ನೆರೆಮನೆಯಾಕೆ. ಅವಳು ಮುಷ್ಟಿ ಬಿಚ್ಚಿದಳು. ಒದ್ದೆ ಮಣ್ಣು ಅಂಗೈಗೆ ಅಂಟಿಕೊಂಡು ಬೀಳಲೇ ಇಲ್ಲ. ಮೈದುನ ಕೆರೆದು ಬೀಳಿಸಬೇಕಾಯಿತು. ಒಂದು ಗಳಿಗೆ ಅವಳಿಗೆ ಮೇಲಿರುವವಳು ತಾನೋ, ಕೆಳಗಿರುವವಳು ತಾನೋ ತಿಳಿಯಲಿಲ್ಲ.

ಜನ ಚದುರಿದ ಮೇಲೆ ಅವಳು ಕ್ಷೌರದವನನ್ನು ಕೇಳಿದಳು, “ಭಾನುವಾರ ಎಲ್ಲಿಗೆ ಹೋಗ್ತಿದ್ರಿ?”

“ಇಲ್ಲೇ ಅಕ್ಕ, ದಿಬ್ಬದ ಮೇಲೆ. ಆದ್ರೆ ಈಗ ಬೇಡ...”

“ನಡೀರಿ.”

ಅವರಿಬ್ಬರೂ ತಮ್ಮ ಸೈಕಲ್ಲು ತಳ್ಳಿಕೊಂಡು ಮುಂದೆ ನಡೆದರು, ಅವಳು ಹಿಂದೆ. ದಿಬ್ಬದ ತುದಿಯಲ್ಲಿ ಒಂದು ಚಹಾದಂಗಡಿ, ಎದುರಿಗೆ ಮೋಟುಗೋಡೆ, ಕೆಳಗೆ ಊರೆಲ್ಲ ಕಾಣುತ್ತಿತ್ತು. ಅಂಗಡಿಯ ಮುದುಕಿಗೆ ಸಾವಿನ ಸುದ್ದಿ ಮುಟ್ಟಿರಲಿಲ್ಲ.

“ಎಲ್ಲಿ, ತಕ್ಕಡಿಯೋರು ಇನ್ನೂ ಹತ್ತಿ ಬಂದಿಲ್ವಾ?” ಎನ್ನುತ್ತಲೇ ಚಹಾ ಸುರಿದಳು. ಇವರಿಬ್ಬರ ಕೈಗೆ ಲೋಟ ಕೊಟ್ಟು, ಇನ್ನೊಂದನ್ನು ಒಯ್ದು ಮೋಟುಗೋಡೆಯ ಮೇಲೆ ಇಟ್ಟಳು. ಹೊಸಬಳಿಗೆ ಚಹಾ ಹಾಕಲು ಒಲೆಯ ಕಡೆ ತಿರುಗಿದಳು.

ಗೋಡೆಯ ಹತ್ತಿರ ಯಾರೂ ಇರಲಿಲ್ಲ. ಹಬೆ ಮಾತ್ರ ಏಳುತ್ತಿತ್ತು.

ಅವಳು ಹೋಗಿ ಆ ಲೋಟ ಎತ್ತಿಕೊಂಡಳು.

“ಅಯ್ಯೋ, ಅದನ್ನ ಕುಡೀಬೇಡಿ ಅಮ್ಮಾ!” ಮುದುಕಿ ಓಡಿ ಬಂದಳು. “ಅದು ತೀರ್ಕೊಂಡೋರದ್ದು. ತಕ್ಕಡಿಯೋರ ಹೆಂಡ್ತಿಗೆ ಅಂತ ಇಡೋದು.”

ಅಷ್ಟರಲ್ಲಿ ಅರ್ಧ ಲೋಟ ಖಾಲಿಯಾಗಿತ್ತು. ಅವಳ ಗಂಟಲಿನಿಂದ ಎಂಥದೋ ಸದ್ದು ಹೊರಟಿತು. ಬಿಕ್ಕೋ ನಗುವೋ ಮುದುಕಿಗೆ ತಿಳಿಯಲಿಲ್ಲ. ನರ್ಸೂ ಕ್ಷೌರದವನೂ ಪ್ರತಿ ಭಾನುವಾರ ಆ ಲೋಟದ ಮುಂದೆ ಮಾಡುತ್ತಿದ್ದಂತೆಯೇ ತಮ್ಮ ಲೋಟಗಳನ್ನು ಕೆಳಗಿಟ್ಟು, ಅವಳ ಮುಂದೆ ತಲೆಬಾಗಿ ನಿಂತರು.