ಬೋರ ತಿಂದ ಉಪ್ಪು

ನಮ್ಮಕ್ಕ ದೇವಿಕಾಳ ಎಂ.ಎಸ್ಸಿ. ನಿಂತಿದ್ದು ಒಂದು ಸಿರಿಂಜು ಕುರಿರಕ್ತದ ಮೇಲೆ. ಬ್ಯಾಕ್ಟೀರಿಯಾದ ವಿಷವೊಂದು ರಕ್ತಕಣಗಳನ್ನು ಒಡೆಯುತ್ತದಂತೆ. ನೀರಿನಲ್ಲಿ ಉಪ್ಪು ಹೆಚ್ಚಿಸುತ್ತ ಹೋದರೆ ಆ ವಿಷದ ರೌಡಿಸಂ ತಗ್ಗುತ್ತದೆಯೇ ಎಂಬುದು ಅವಳ ಪ್ರಾಜೆಕ್ಟು. ಅದನ್ನು ಅವತ್ತೇ ಚಿತ್ರದುರ್ಗದಲ್ಲಿ ಪರೀಕ್ಷಕರ ಎದುರು ಮಾಡಿ ತೋರಿಸಬೇಕಿತ್ತು.

ಜವನಗೊಂಡನಹಳ್ಳಿ ಪಕ್ಕದ ನಮ್ಮ ಹಟ್ಟಿಯಲ್ಲಿ ಕುರಿಗಳಿಗೇನು ಬರ? ಆದರೆ ತಾತ ಕಾಟಲಿಂಗಪ್ಪ ತನ್ನ ಟಗರು ಬೋರನ ಮುಂದೆ ಅಡ್ಡ ನಿಂತ.

"ಅದು ನಿನ್ನ ಉಪ್ಪು ತಿಂದೈತೇನವ್ವ? ಮತ್ತೆ ಯಾವ ಋಣಕ್ಕೆ ರಕ್ತ ಕೊಡ್ಬೇಕು?"

"ತಾತ, ಇದು ಸೈನ್ಸು!"

"ಸೈನ್ಸಿನ ಉಪ್ಪೂ ತಿಂದಿಲ್ಲ."

ನಾನು ಕೂಲಿಂಗ್ ಗ್ಲಾಸ್ ಏರಿಸಿ ಎಂಟ್ರಿ ಕೊಟ್ಟೆ. "ಅಕ್ಕಾ, ಈ ಕೇಸು ಕೋರ್ಟಿಗೆ ಹೋಗಲ್ಲ. ಅಂಗೈನಾಗೇ ಕ್ಲೋಸ್!" ಅವಳ ಅಂಗೈಗೆ ಉಪ್ಪು ಸುರಿದೆ. ಬೋರ ಅಷ್ಟನ್ನೂ ನೆಕ್ಕಿ, ಬಳೆಯನ್ನೂ ನೆಕ್ಕಿದ.

ತಾತ ಟವೆಲ್ ಕೊಡವಿದ. "ತಗಾ. ಒಂದೇ ಸಲ. ಋಣ ತೀರಿದ್ದನ್ನ ಬೋರ ಕಣ್ಣಾರೆ ನೋಡ್ಬೇಕು."

ಹಾಗಾಗಿ ಅಕ್ಕ ತೆಗೆದ ಒಂದು ಸಿರಿಂಜು ರಕ್ತದ ಜೊತೆ, ನಮ್ಮೊಂದಿಗೆ ಬೋರನೂ ಬಸ್ಸು ಹತ್ತಿದ.

"ಲೇ, ಇದ್ಕೆ ಆಧಾರ್ ಐತಾ?" ಎಂದ ಕಂಡಕ್ಟರ್.

"ಗಂಡಸು ಅಣ್ಣ, ಫ್ರೀ ಬ್ಯಾಡ. ಟಿಕೆಟ್ ಹರೀರಿ," ಎಂದೆ.

ಲ್ಯಾಬಿನಲ್ಲಿ ಉಪ್ಪು ಕಡಿಮೆಯಿದ್ದ ಟ್ಯೂಬು ಕೆಂಪು ಶರಬತ್ತಾಯಿತು, ಕಣಗಳೆಲ್ಲ ಒಡೆದಿದ್ದವು. ಉಪ್ಪು ಜಾಸ್ತಿಯಿದ್ದುದರಲ್ಲಿ ಕಣಗಳು ತಳದಲ್ಲಿ ತೆಪ್ಪಗೆ ಕುಳಿತಿದ್ದವು. ಅಕ್ಕನ ಮುಖ ಅರಳಿತು. ಪರೀಕ್ಷಕ ರಾಜಶೇಖರ್ ಮಾತ್ರ ಮೂಗು ಮುರಿದರು.

"ಒಂದ್ಸಲ ಆಗಿದ್ದು ಅದೃಷ್ಟ. ಹೊಸ ರಕ್ತ ತೆಗೆದು ಇನ್ನೊಂದ್ಸಲ ತೋರ್ಸಮ್ಮ. ಇಲ್ಲಾಂದ್ರೆ ಫೇಲು."

ಎಲ್ಲರೂ ಬೋರನನ್ನು ನೋಡಿದೆವು. ಬೋರ ತಾತನನ್ನು ನೋಡಿದ.

"ಅವಳ ಋಣ ತೀರೈತೆ ಸಾಮಿ," ಎಂದ ತಾತ.

"ಇನ್ನೊಂದು ಹಿಡಿ ಉಪ್ಪು ಹಾಕ್ತೀನಿ ತಾತ!" ಎಂದೆ.

"ಒಂದು ಮನೆ ಉಪ್ಪಿಗೆ ಒಂದೇ ಋಣ ಕಣ್ಲೇ. ಅದೇನು ಮೊಬೈಲ್ ರೀಚಾರ್ಜಾ?"

ಅಕ್ಕನ ಕಣ್ಣು ತುಂಬಿತು. ಕರೆಂಟು ಹೋಗಿ ಫ್ಯಾನು ನಿಂತಿತ್ತು, ರಾಜಶೇಖರ್ ಬೆವರುತ್ತಿದ್ದರು. ಬೋರ ಸೀದಾ ಹೋಗಿ ಅವರ ಒದ್ದೆ ಅಂಗೈಯನ್ನು ಆಸೆಯಿಂದ ನೆಕ್ಕಿದ.

ತಾತ ಕೈ ಮುಗಿದ. "ಆತು ಬಿಡ್ರಿ! ನಿಮ್ಮ ಉಪ್ಪು ತಿಂತು. ಈಗ ನೀವು ಕೇಳ್ರಿ, ಕೊಡುತ್ತೆ."

ರಾಜಶೇಖರ್ ಬಾಗಿಲ ಕಡೆ ಒಮ್ಮೆ ನೋಡಿ, ಬಗ್ಗಿ, ಮೆಲ್ಲಗೆ ಕೇಳಿದರು: "ಬೋರಪ್ಪಾ... ಸ್ವಲ್ಪ ರಕ್ತ ಕೊಡ್ತೀರಾ?"

ಬೋರ ಕತ್ತು ಚಾಚಿದ.

ಎರಡನೇ ಸಲವೂ ಅದೇ ಫಲಿತಾಂಶ. ರಾಜಶೇಖರ್ "ಪಾಸು" ಎಂದು ಸಹಿ ಹಾಕಿದರು. ಅಕ್ಕ ಬೋರನನ್ನು ತಬ್ಬಿಕೊಂಡಳು.

"ಹೋಗಾಣ ನಡೀರಿ," ಎಂದ ತಾತ, ಪರೀಕ್ಷಕರ ಕಡೆ ತಿರುಗಿ. "ನೀವೂ ಬರ್ರಿ. ನೀವು ಕೊಟ್ಟಿದ್ದು ಬರೀ ಬೆವರು. ತಗಂಡಿದ್ದು ಸಿರಿಂಜು ತುಂಬ. ಈಗ ಋಣ ನಿಮ್ಮ ಮ್ಯಾಲೈತೆ."

ಬೇಡ ಎನ್ನಲು ಅವರು ಬಾಯಿ ತೆರೆದರು. ಬೋರ ಕೊಂಬು ತಗ್ಗಿಸಿದ.

ಸಂಜೆಯ ಬಸ್ಸಿನಲ್ಲಿ ಅದೇ ಕಂಡಕ್ಟರ್. ಒಂದು ಕೈಯಲ್ಲಿ ಉಪ್ಪಿನ ಪ್ಯಾಕೆಟ್ಟು ಹಿಡಿದು, ಇನ್ನೊಂದನ್ನು ಬೋರನಿಗೆ ಚಾಚಿ ನಿಂತಿದ್ದ ರಾಜಶೇಖರರನ್ನು ಕಂಡು ದಂಗಾದ.

"ಇವ್ರು ಯಾರಪ್ಪ?"

"ಬೋರನ ಕಡೆಯೋರು," ಎಂದ ತಾತ. "ಇವ್ರಿಗೂ ಒಂದು ಟಿಕೆಟ್ ಹರಿಯಪ್ಪ. ಗಂಡಸೇ."